ಬಂಡೆಗೆ ನೀರು ಸೋಕದಂತೆ

ಈಕೆ ಕಾಯುವ ಜಾಗಕ್ಕೆ ಬಾಗಿಲಿಲ್ಲ. ಬೀಗವಿಲ್ಲ, ಬೇಲಿಯೂ ಇಲ್ಲ. ಬೆಟ್ಟದ ನೆತ್ತಿಯ ಕೆಳಗೆ ಸೂರಿನಂತೆ ಚಾಚಿಕೊಂಡ ಒಂದು ಬಂಡೆ, ಅದರ ಒಳಮೈಯಲ್ಲಿ ಸಾವಿರಾರು ವರ್ಷಗಳ ಹಿಂದೆ ಯಾರೋ ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳು. ಇಷ್ಟನ್ನೂ ಕಾಯಲು ಇರುವುದು ಈಕೆಯ ಬಾಯಿ ಮಾತ್ರ.

ಬೆಳಕು ಹರಿಯುವ ಹೊತ್ತಿಗೆ ಕಾವಲುಗಾರ್ತಿ ಮೇಲೆ ಬಂದಾಗಿದೆ. ಪೊರಕೆಯನ್ನು ನೆಲದಿಂದ ಎತ್ತದೆ, ನಿಧಾನವಾಗಿ ಎಳೆದು ಗುಡಿಸುತ್ತಾರೆ. ಧೂಳೆದ್ದು ಗೋಡೆಗೆ ಕೂರಬಾರದು. ಚಿಪ್ಸ್ ಪೊಟ್ಟಣ, ಬಾಟಲಿ ಮುಚ್ಚಳ, ಯಾವುದೋ ಮಗುವಿನ ಒಂಟಿ ಚಪ್ಪಲಿ ಚೀಲ ಸೇರುತ್ತವೆ. ಆಮೇಲೆ ಹಾದಿಯ ತಿರುವಿನಲ್ಲಿ ಕಲ್ಲಿನ ಮೇಲೆ ಕೂರುತ್ತಾರೆ. ಬಂದವರ ನೀರಿನ ಬಾಟಲಿಗಳನ್ನು ಅಲ್ಲೇ ಇಸಿದುಕೊಳ್ಳಬೇಕು. ಭಾನುವಾರ ನೂರು ಜನ ಬಂದರೆ ನೂರು ಬಾಟಲಿ, ನೂರು ಜಗಳ.

ಇವತ್ತು ಮೊದಲು ಬರುವವರು ಅಪ್ಪ, ಮಗಳು. ಅಪ್ಪ ಏದುಸಿರು ಬಿಡುತ್ತಲೇ ಕೇಳುತ್ತಾರೆ: "ಇಲ್ಲಿ ನೀರಣ್ಣ ಅಂತ ಒಬ್ರು ಇದ್ರಲ್ಲಕ್ಕಾ? ಒಂದು ಚೊಂಬು ನೀರು ಎರಚಿದ್ರೆ ಚಿತ್ರದ ಗೂಳಿ ಮೈ ಕೊಡವಿ ಎದ್ದಂಗಾಗೋದು!"

"ಇದ್ದಾರೆ, ಮನೇಲಿ. ನಮ್ಮನೆಯವ್ರೇ. ಬಾಟ್ಲಿ ಕೊಡಿ."

"ಮಗಳಿಗೆ ತೋರಿಸೋಣ ಅಂತ ಕರ್ಕೊಂಡು ಬಂದೆ. ಒಂದೇ ಒಂದು ಚೊಂಬು, ಅಕ್ಕಾ."

"ಒಂದೇ ಚೊಂಬು ಅಂತಾನೇ ಅವ್ರೂ ಶುರು ಮಾಡಿದ್ದು."

ಮಗಳು ನಗುತ್ತಾಳೆ. "ಬಿಡಪ್ಪ, ನಿನ್ ಗೂಳಿ ನಿನ್ ತಲೇಲೇ ಇರ್ಲಿ." ಅಪ್ಪ ಗೋಡೆಯ ಮುಂದೆ ಬಹಳ ಹೊತ್ತು ನಿಲ್ಲುತ್ತಾರೆ. ಗೂಳಿ ಇದ್ದಲ್ಲಿ ಸುಣ್ಣ ಬಳಿದು ಉಜ್ಜಿದಂಥ ಬಿಳಿ ಪೊರೆ ಇದೆ. ಕೊಂಬೂ ಕಾಣುವುದಿಲ್ಲ.

ನೀರಣ್ಣ ಎಂಬುದು ಪ್ರವಾಸಿಗರು ಇಟ್ಟ ಹೆಸರು. ಈಕೆಗೂ ಮೊದಲು ಇಲ್ಲಿ ಕಾವಲಿಗಿದ್ದವರು ಅವರು. ಒಣ ಬಂಡೆಯ ಮೇಲೆ ಚಿತ್ರಗಳು ಮಂಕು. ನೀರು ಬಿದ್ದರೆ ಕೆಂಪು ಉಕ್ಕಿ ಬರುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು. ಕೆಳಗಿನ ತೊರೆಯಿಂದ ದಿನವೂ ಎರಡು ಕೊಡ ಹೊತ್ತು ತರುವುದು, ಗುಂಪು ಬಂದಾಗಲೆಲ್ಲ ಎರಚುವುದು. ಹತ್ತೊಂಬತ್ತು ವರ್ಷ ಇದು ನಡೆಯಿತು. ಯಾರೂ ಬೇಡ ಎನ್ನಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಗಳೂ ನೀರು ಎರಚಿಸಿಯೇ ಫೋಟೊ ತೆಗೆಸಿಕೊಂಡರು.

ಆಮೇಲೆ ಚಿತ್ರಗಳನ್ನು ಪರೀಕ್ಷಿಸಲು ತಜ್ಞೆಯೊಬ್ಬರು ಬಂದರು. ನೀರು ಕಲ್ಲಿನೊಳಗಿನ ಉಪ್ಪನ್ನು ಕರಗಿಸಿ ಹೊರಗೆ ತರುತ್ತದೆ, ಒಣಗಿದಾಗ ಅದೇ ಪೊರೆಯಾಗಿ ಬಣ್ಣದ ಮೇಲೆ ಕೂರುತ್ತದೆ ಎಂದು ಬಿಡಿಸಿ ಹೇಳಿದರು. "ಹಾಗಾದ್ರೆ ಒದ್ದೆ ಬಟ್ಟೇಲಿ ಒರೆಸಿಬಿಡ್ಲಾ ಮೇಡಂ?" ಎಂದು ಕೇಳಿದರಂತೆ ನೀರಣ್ಣ. ಒರೆಸಿದರೆ ಬಣ್ಣವೂ ಕಿತ್ತು ಬರುತ್ತದೆ ಎಂದಾಗ, ಕೈಲಿದ್ದ ಕೊಡ ಕೆಳಗಿಟ್ಟು ಬೆಟ್ಟ ಇಳಿದರು. ಮತ್ತೆ ಹತ್ತಲಿಲ್ಲ. ಕೆಲಸ ಹೆಂಡತಿಗೆ ಬಂತು.

"ಬಯ್ಯೋಣ ಅಂದ್ರೂ ಬಾಯಿ ಬರಲ್ಲ. ಕಳ್ಳತನ ಮಾಡಿದ್ರಾ, ಕುಡಿದು ಬಿದ್ದಿದ್ರಾ? ಅಷ್ಟು ಎತ್ತರ ಹತ್ತಿ ಬಂದೋರು ಸಪ್ಪೆ ಮೋರೆ ಹಾಕ್ಕೊಂಡು ಹೋಗ್ಬಾರ್ದು ಅಂತ ಮಾಡಿದ್ದು" ಎನ್ನುತ್ತಾರೆ ಈಕೆ.

ಗೋಡೆಯ ಎಡ ಮೂಲೆಯಲ್ಲಿ ತಾಯಿ ಜಿಂಕೆ, ಅದರ ಹಿಂದೆ ಮರಿ, ಇನ್ನೂ ಇವೆ. ಆದರೆ ಬಂಡೆಯೊಳಗಿನ ತೇವ ಆರಿಲ್ಲ. ಪೊರೆ ಮರಿಯ ಹಿಂಗಾಲಿನ ತನಕ ಬಂದಿದೆ. ಅದು ಮುಚ್ಚಿಹೋಗುವ ಮುಂಚೆ ಗಂಡ ಒಮ್ಮೆ ಮೇಲೆ ಬಂದು ನೋಡಲಿ ಎಂಬುದೊಂದೇ ಈಕೆಯ ಆಸೆ.

ಸಂಜೆ, ಬೆಟ್ಟದ ಬುಡದ ಎರಡು ಕೋಣೆಯ ಮನೆ. ನೀರಣ್ಣ ಸ್ಟೌ ಪಕ್ಕ ಕೂತು ಈರುಳ್ಳಿ ಹೆಚ್ಚುತ್ತಿದ್ದಾರೆ.

"ನಾಳೆ ಬರ್ತೀರಾ? ಮರಿ ಇನ್ನೂ ಇದೆ."

"ಮಂಡಿ ನೋವು ಕಣೇ."

"ಮೊನ್ನೆ ಛಾವಣಿ ಹತ್ತಿ ಶೀಟ್ ಸರಿ ಮಾಡುವಾಗ ಮಂಡಿ ಎಲ್ಲಿಟ್ಟಿದ್ರಿ?"

ಅವರು ನಗುವುದಿಲ್ಲ. ಹೆಚ್ಚಿದ್ದನ್ನು ತಟ್ಟೆಯ ಒಂದು ಬದಿಗೆ ಸರಿಸುತ್ತಾರೆ.

"ಉಳಿದಿದ್ದು ನೋಡೋಕೆ ಹೋದ್ರೆ ಹೋಗಿದ್ದೂ ಕಾಣುತ್ತಲ್ಲ."

ಇಲಾಖೆಯವರ ಮೊದಲ ಎಣಿಕೆಯಲ್ಲಿ ಆ ಗೋಡೆಯ ಮೇಲೆ ಅರವತ್ತೆರಡು ಚಿತ್ರಗಳಿದ್ದವು. ಮೂವತ್ತೊಂಬತ್ತು ಹೋಗಿವೆ.