ಎರಡನೇ ಬೇಸಿನಲ್ಲಿ ಮೂರು ಶುಕ್ರವಾರ

ಕುವೈತ್ ಯುದ್ಧ ಶುರುವಾದಾಗ ನಾನು ಅಲ್ಲೇ ಕೊಲ್ಲಿಯ ದಡದ ಮೆಸಯೀದ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್. ಅಲ್ಲಿನ ಅಮೆರಿಕನ್ ಎಂಜಿನಿಯರುಗಳು ಶುಕ್ರವಾರ ಬೆಳಿಗ್ಗೆ ಪಕ್ಕದ ಕಂಪನಿಯವರೊಡನೆ ಬೇಸ್‌ಬಾಲ್ ಆಡುತ್ತಿದ್ದರು. ಮೊದಲ ಗುಂಡು ಹಾರುವ ಮುಂಚೆಯೇ ಅವರಲ್ಲಿ ಅರ್ಧ ಜನ ಧೈರ್ಯವಾಗಿ ವಿಮಾನ ಹತ್ತಿ ಊರಿಗೆ ಹೋದರು. ಉಳಿದವರಿಗೆ ಗ್ಯಾಸ್ ಮಾಸ್ಕ್ ಹಂಚಿದರು. ನಮಗೆ ಮಾತ್ರ 'ಮಾಫಿ', ಅಂದರೆ ಅಲ್ಲಿನ ಅರಬ್ಬಿಯಲ್ಲಿ 'ಇಲ್ಲ'; ಬಾಯಿಗೆ ಒದ್ದೆ ಟವೆಲ್ ಕಟ್ಟಿಕೊಳ್ಳಿ ಎಂಬ ಸುತ್ತೋಲೆ ಬಂತು.

ಯುದ್ಧ ಬಂದರೂ ಬೇಸ್‌ಬಾಲ್ ನಿಲ್ಲಬಾರದೆಂಬುದು ನಮ್ಮ ಅಮೆರಿಕನ್ ಮ್ಯಾನೇಜರರ ಹಟ. ಸ್ಟೋರಿಗೆ ಬಂದು ಕೇಳಿದರು:

"ಕ್ರಿಕೆಟ್ ಆಡಿದ್ದೀಯಾ?"

"ಗದಗಿನಲ್ಲಿ, ಕಾಲೇಜ್ ಟೀಮಿನಲ್ಲಿದ್ದೆ ಸರ್."

ಹನ್ನೆರಡನೆಯವನಾಗಿ ನೀರು ಹೊತ್ತಿದ್ದೆ ಎಂದು ಹೇಳಲಿಲ್ಲ.

"ಸಾಕು. ಎರಡನೇ ಬೇಸ್ ನಿನ್ನದು."

ರೂಮಿನಲ್ಲಿ ನನ್ನ ಜೊತೆಗಿದ್ದ ಮಂಗಳೂರಿನ ಟೈಪಿಸ್ಟ್ ಕೇಳಿದ, "ಹಾಗಾದ್ರೆ ನಿಮಗೆ ಮಾಸ್ಕ್ ಸಿಗ್ತದಾ ಮಾರಾಯ್ರೆ?"

"ಇಲ್ರೀ, ಟೋಪಿ ಕೊಟ್ಟಾರ."

"ಅದು ಎಲ್ಲರಿಗೂ ಹಾಕಿದ್ದಾರೆ ಬಿಡಿ."

ಮೊದಲ ಶುಕ್ರವಾರ ಚೆಂಡು ಗುಂಡಿನಂತೆ ಬಂತು. ಎಡಗೈಯಲ್ಲಿ ಗ್ಲೌಸ್ ಇದ್ದರೂ ಅಭ್ಯಾಸಬಲದಿಂದ ಬರಿಗೈಲಿ ಹಿಡಿದೆ. ಚಪ್ಪಾಳೆ ಬಿತ್ತು. ಹಿಗ್ಗಿ, ಚೆಂಡು ಎತ್ತಿ ಹಿಡಿದು ಅಂಪೈರ್ ಕಡೆ ತಿರುಗಿ ಅಪೀಲ್ ಮಾಡುತ್ತ ನಿಂತೆ. ಅಷ್ಟರಲ್ಲಿ ಮೂರನೇ ಬೇಸಿನಲ್ಲಿದ್ದ ಎದುರಾಳಿ ನಿಧಾನವಾಗಿ ಓಡಿ ರನ್ ಗಳಿಸಿಕೊಂಡ. ಒಬ್ಬ ಔಟಾದ ಮೇಲೂ ಆಟ ನಡೆಯುತ್ತಲೇ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಎರಡನೇ ಶುಕ್ರವಾರ ಚೆಂಡಿಗೆ ಹೊಡೆದವನೇ ಬ್ಯಾಟ್ ಹಿಡಿದುಕೊಂಡೇ ಓಡಿದೆ. "ಅದನ್ನು ಬಿಸಾಡೋ" ಎಂದು ಮ್ಯಾನೇಜರ್ ಕೂಗುತ್ತಿದ್ದರೆ, ನಾನು ಬೇಸ್ ಮುಟ್ಟಲು ಬ್ಯಾಟನ್ನು ಮರಳಿನಲ್ಲಿ ಎಳೆಯುತ್ತಿದ್ದೆ.

ಮೂರನೇ ಶುಕ್ರವಾರ ಮಾತ್ರ ಎಲ್ಲ ಸರಿಹೋಯಿತು. ಹಿಡಿದೆ, ತಕ್ಷಣ ಎಸೆದೆ, ಇಬ್ಬರು ಔಟ್. ಮ್ಯಾನೇಜರ್ ಬೆನ್ನು ತಟ್ಟಿ, "ನೀನು ಇದಕ್ಕೇ ಹುಟ್ಟಿದವನು" ಎಂದರು. ನಾನು ನಂಬಿದೆ. ಮನೆಗೆ ಬರೆದ ಪತ್ರದಲ್ಲಿ ಯುದ್ಧಕ್ಕೆ ಒಂದು ಸಾಲು, ಆಟಕ್ಕೆ ಎರಡು ಪುಟ.

ಅಷ್ಟರಲ್ಲಿ ಯುದ್ಧ ಮುಗಿಯಿತು. ಹಳೆಯ ಎರಡನೇ ಬೇಸಿನವನು ಟೆಕ್ಸಾಸ್‌ನಿಂದ ಮರಳಿ ಬಂದ. ಎದೆಯ ಮೇಲೆ 'ಕೊಲ್ಲಿ ಯುದ್ಧದ ಯೋಧ' ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಬನಿಯನ್. ಕ್ಷಿಪಣಿಗಳನ್ನು ನೋಡಿದ ಕಥೆ ಹೇಳಿದ, ನೋಡಿದ್ದು ಟಿವಿಯಲ್ಲಿ.

ಮ್ಯಾನೇಜರ್ ನನ್ನತ್ತ ಕೈಚಾಚಿದರು. "ಖಲಾಸ್. ಗ್ಲೌಸ್ ಕೊಡು."

"ಬೆಂಚಿನ ಮೇಲಾದರೂ ಕೂರಲೇ ಸರ್?"

"ಅದು ಫ್ಯಾಮಿಲಿಗಳಿಗೆ."

ಆ ದಿನ ಯೋಧ ಮೂರು ಕ್ಯಾಚ್ ಬಿಟ್ಟ, ಅವರು ಸೋತರು. ನಾನು ಬೇಲಿಯಾಚೆ ನಿಂತು ಕೊನೆಯವರೆಗೂ ನೋಡಿದೆ. ನಾಚಿಕೆಯಿಲ್ಲದೆ ಖುಷಿಪಟ್ಟೆ.

ಶನಿವಾರ ಮ್ಯಾನೇಜರ್ ಅರ್ಜೆಂಟಾಗಿ ಬೋಲ್ಟ್ ಕೇಳಿಕೊಂಡು ಸ್ಟೋರಿಗೆ ಬಂದರು. ನನ್ನ ಹಿಂದಿನ ಕಪಾಟು ತುಂಬ ಅವೇ ಇದ್ದವು.

"ಮಾಫಿ, ಸರ್" ಎಂದೆ.