ಭಾಷೆಯಕ್ಕ

ಹೋದ ತಿಂಗಳು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತಲೆಶೂಲೆ ಎಂದು ಗೊಣಗುತ್ತ ಚೀಲದಿಂದ ನೀಲಗಿರಿ ಎಣ್ಣೆಯ ಬಾಟಲಿ ತೆಗೆದು ಹಣೆಗೆ ಹಚ್ಚಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನೊಳಗೆ ಹಳೆಯದೊಂದು ಉರಿ ಎದ್ದಿತು. ಇಷ್ಟು ವರ್ಷ ಕಳೆದಿದ್ದರೂ ಮೊದಲು ಬಂದದ್ದು ನೆನಪಲ್ಲ, ಹೊಟ್ಟೆಕಿಚ್ಚು. ಆಮೇಲೆ ಭಾಷೆಯಕ್ಕನ ಮುಖ...

ಎಪ್ಪತ್ತರ ದಶಕದ ಕೊನೆಯ ಮಾತು. ನ್ಯಾಮತಿಯ ಹತ್ತಿರ ನಮ್ಮ ತಾಂಡಾ. ನಾನು ಅಲ್ಲಿಂದ ಹೊರಗೆ ಹೋಗಿ ಓದಿದ ಮೊದಲ ಹುಡುಗಿ. ಚನ್ನಗಿರಿಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಮುಗಿಸಿ, ಟೀಚರ್ ಟ್ರೈನಿಂಗ್ ಮಾಡಿ, ಕತ್ತಲಗೆರೆಯ ಶಾಲೆಗೆ ಸೇರಿದ್ದೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದ. ಮನೆಯಲ್ಲಿ ಯಾಡಿ ಒಬ್ಬಳೇ. ನಮ್ಮ ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತೇವೆ. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿ ಅವಳನ್ನು ನೋಡಲು ಬರುತ್ತಿದ್ದೆ.

ಅಂಥ ಒಂದು ಶನಿವಾರ ಬಂದು ನೋಡಿದರೆ, ಯಾಡಿಯ ಪಕ್ಕದಲ್ಲಿ ಚಾಪೆಯ ಮೇಲೆ ಗುರುತಿಲ್ಲದವಳೊಬ್ಬಳು ಕೂತಿದ್ದಳು. ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿಕೊಂಡು ಒಂದೇ ಕನ್ನಡಿಯೊಳಗೆ ಬಾಯಿ ತೆರೆದು ನೋಡಿಕೊಳ್ಳುತ್ತಿದ್ದರು. ಮನೆಯ ತುಂಬ ನೀಲಗಿರಿ ಎಣ್ಣೆಯ ವಾಸನೆ. ಆಕೆಗೆ ಅರೆತಲೆನೋವಿತ್ತಂತೆ. ಯಾಡಿ ಒಂದು ಶಬ್ದ ಹೇಳುವುದು, ನಾಲಿಗೆ ಎಲ್ಲಿ ತಾಗಿತೆಂದು ಆಕೆ ಕನ್ನಡಿಯಲ್ಲಿ ಹುಡುಕುವುದು, ಮತ್ತೆ ಇಬ್ಬರೂ ನಗುವುದು. ನಾನು ಬಂದದ್ದು ಯಾಡಿಗೆ ಗೊತ್ತಾಗಲು ಸ್ವಲ್ಪ ಹೊತ್ತೇ ಹಿಡಿಯಿತು.

ಆಕೆ ಜಗಳೂರಿನ ಪಾದ್ರಿಯೊಬ್ಬರ ಮಗಳು. ಭಾಷಾವಿಜ್ಞಾನದಲ್ಲಿ ಎಂ.ಎ. ಓದುತ್ತಿದ್ದಳು. ಹೀಬ್ರೂವಿನ ಅಕ್ಷರ, ಒಂದಷ್ಟು ಪಾಠ ತಂದೆಯಿಂದ ಆಗಲೇ ಆಗಿತ್ತು. ಎಂ.ಎ. ಮುಗಿದ ಮೇಲೆ ಹೀಬ್ರೂ, ಗ್ರೀಕ್ ಪೂರ್ತಿ ಕಲಿತು ಬೈಬಲನ್ನು ಮೂಲದಿಂದಲೇ ಲಂಬಾಣಿಗೆ ತರಬೇಕೆಂಬುದು ಆಕೆಯ ಹಟ. ಅದಕ್ಕಾಗಿ ರಜೆಯಲ್ಲೆಲ್ಲ ನಮ್ಮ ತಾಂಡಾಕ್ಕೆ ಬಂದಿರುತ್ತಿದ್ದಳು. ತಾಂಡಾದವರು ಭಾಷೆಯಕ್ಕ ಎಂದು ಕರೆಯುತ್ತಿದ್ದರು. ಧರ್ಮ ಕೆಡಿಸಲು ಬಂದಿದ್ದಾಳೆ ಎಂದು ಕೆಲವು ಹಿರಿಯರು ತಕರಾರು ತೆಗೆದಾಗ ಯಾಡಿಯೇ ಅವರ ಬಾಯಿ ಮುಚ್ಚಿಸಿದಳು. "ಆಕಿ ದೇವ್ರು ಆಕಿಗೆ, ನನ್ನ ದೇವ್ರು ನನಗೆ. ಮಾತಾಡಾಕೆ ಏನಡ್ಡಿ ಐತೆ?" ಎಂದಳಂತೆ.

ನನಗೂ ಎಂ.ಎ. ಓದುವ ಆಸೆಯಿತ್ತು. ಆದರೆ ಟ್ರೈನಿಂಗ್ ಆದರೆ ಕೂಡಲೇ ಕೆಲಸ ಸಿಗುತ್ತದೆಂದು ಅಷ್ಟಕ್ಕೇ ನಿಂತಿದ್ದೆ. ಅದೂ ಒಂದು ಸಂಕಟವೇ. ಆದರೆ ನಿಜವಾದ ಉರಿ ಬೇರೆಯದು. ಯಾಡಿಗೆ ಕನ್ನಡದಲ್ಲಿ ಹೆಸರು ಬರೆಯುವುದನ್ನಾದರೂ ಕಲಿಸಬೇಕೆಂದು ನಾನು ಎಷ್ಟೋ ಸಲ ಸ್ಲೇಟು ಹಿಡಿದು ಕೂತಿದ್ದೆ. ಪ್ರತಿಸಲವೂ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಹೋಗುತ್ತಿದ್ದಳು. ಭಾಷೆಯಕ್ಕ ಒಂದು ದಿನ ಇದ್ದಿಲಿನಿಂದ ಅಂಗಳದ ಚಪ್ಪಡಿಯ ಮೇಲೆ ಯಾಡಿಯ ಹೆಸರನ್ನು ಹೀಬ್ರೂ ಅಕ್ಷರದಲ್ಲಿ ಬಲದಿಂದ ಎಡಕ್ಕೆ ಬರೆದು ತೋರಿಸಿದಳು. ಯಾಡಿ ಕುಕ್ಕರುಗಾಲಲ್ಲಿ ಕೂತು ಅದನ್ನು ಬೆರಳಿನಿಂದ ತಿದ್ದಿದಳು. ಸಂಜೆ ಅಂಗಳ ಗುಡಿಸುವಾಗ ಆ ಚಪ್ಪಡಿಯೊಂದನ್ನು ಬಿಟ್ಟು ಗುಡಿಸಿದಳು.

ಆಕೆಯೂ ನನ್ನ ತಾಯಿಯನ್ನು ಯಾಡಿ ಎಂದೇ ಕರೆಯುತ್ತಿದ್ದಳು. ನನ್ನ ತಾಯಿ ನನ್ನಂತೆ ಆಕೆಗೂ ಬೇಟಿ, ಅಂದರೆ ಮಗಳೇ, ಎನ್ನುತ್ತಿದ್ದಳು. ಒಳಗಿನಿಂದ "ಬೇಟಿ" ಎಂದು ಕೂಗಿದರೆ ಇಬ್ಬರೂ ತಲೆಯೆತ್ತುತ್ತಿದ್ದೆವು...

ನನ್ನ ಮದುವೆ ಗೊತ್ತಾದ ವರ್ಷವೇ ಭಾಷೆಯಕ್ಕ ಯಾಡಿಯಿಂದ ಢಾವಲೋ ಕಲಿಯತೊಡಗಿದಳು. ಢಾವಲೋ ಎಂದರೆ ನಮ್ಮಲ್ಲಿ ಮದುಮಗಳು ತವರು ಬಿಡುವಾಗ ಒಬ್ಬೊಬ್ಬರ ಕೊರಳು ತಬ್ಬಿಕೊಂಡು ಅಳುತ್ತ ಹಾಡುವ ಹಾಡು. ಹೀಬ್ರೂವಿನಲ್ಲಿಯೂ ಅಳುವ ಹಾಡುಗಳಿವೆ, ಅಲ್ಲಿ ಸಾಲಿನ ಮೊದಲ ಭಾಗ ಉದ್ದ, ಎರಡನೆಯದು ಗಿಡ್ಡ, ಅಳುವವರ ಉಸಿರು ಅಲ್ಲಿಗೇ ಕಟ್ಟಿಹೋಗುತ್ತದೆ ಎಂದು ಆಕೆ ನನಗೆ ವಿವರಿಸಿದಳು. "ಯಾಡಿ ಹಾಡೋದೂ ಹಂಗೇ ಐತೆ ನೋಡ್ರಿ ಟೀಚರ್" ಎಂದಳು. ಕಾಲೇಜಿನಿಂದ ಒಮ್ಮೆ ಟೇಪ್ ರೆಕಾರ್ಡರ್ ತಂದಿದ್ದಳು. ಅದರೆದುರು ಯಾಡಿ ಬಾಯಿಯನ್ನೇ ಬಿಡಲಿಲ್ಲ. ಹಾಗಾಗಿ ಆಕೆ ಬಾಯಿಪಾಠವಾಗಿಯೇ ಕಲಿಯಬೇಕಾಯಿತು. ನಾನು ಒಳಗೆ ರೊಟ್ಟಿ ತಟ್ಟುತ್ತ, ಹೊರಗೆ ನನ್ನ ತಾಯಿಯ ಹಾಡು ಇನ್ನೊಬ್ಬಳ ಗಂಟಲಿಗೆ ಇಳಿಯುವುದನ್ನು ಕೇಳಿಸಿಕೊಂಡೆ. ನನಗೆ ಅದರಲ್ಲಿ ಒಂದು ಸಾಲೂ ಪೂರ್ತಿ ಬರುತ್ತಿರಲಿಲ್ಲ.

ಮದುವೆಯ ದಿನ ಬಂತು. ಕಳಿಸಿಕೊಡುವ ಹೊತ್ತಿಗೆ ತಾಂಡಾದ ಹೆಂಗಸರೆಲ್ಲ ಸುತ್ತ ನಿಂತರು. ಯಾಡಿಯ ಕೊರಳು ತಬ್ಬಿದೆ. ಹಾಡು ಹೊರಡಲಿಲ್ಲ. "ಓದಿದ ಹುಡುಗಿಗೆ ಅಳಾಕೂ ಬರಲ್ಲ ನೋಡು" ಎಂದು ಯಾರೋ ಹಿಂದಿನಿಂದ ಅಂದದ್ದು ಕೇಳಿಸಿತು. ಅಷ್ಟರಲ್ಲಿ ಕಿವಿಯ ಹತ್ತಿರ ನೀಲಗಿರಿಯ ವಾಸನೆ ಬಂತು. ಭಾಷೆಯಕ್ಕ ನನ್ನ ಸೆರಗು ಸರಿಮಾಡುವವಳಂತೆ ಹಿಂದೆ ನಿಂತು, ಮೊದಲ ಸಾಲನ್ನು ಮೆಲ್ಲಗೆ ಹೇಳಿಕೊಟ್ಟಳು. ನಾನು ಹಾಡಿದೆ. ಎರಡನೆಯದನ್ನು ಹೇಳಿದಳು. ಅದನ್ನೂ ಹಾಡಿದೆ. ನನ್ನ ತಾಯಿಯ ಹಾಡನ್ನು ನನ್ನ ತಾಯಿಗೇ ಹಾಡಲು ಜಗಳೂರಿನವಳೊಬ್ಬಳು ನನಗೆ ಎತ್ತಿಕೊಡಬೇಕಾಯಿತಲ್ಲ ಎಂಬ ಹೊಟ್ಟೆಯುರಿಗೆ ಕಣ್ಣೀರು ಧಾರೆಯಾಗಿ ಸುರಿಯಿತು. ನೋಡಿದವರು ತವರು ಬಿಡುವ ಅಳುವೆಂದುಕೊಂಡರು. ಎಂಥ ಮಗಳು, ಹೆಂಗೆ ಅತ್ತಳು ಎಂದು ಬಹಳ ದಿನ ಮಾತಾಡಿಕೊಂಡರಂತೆ.

ಎಂ.ಎ. ಮುಗಿಸಿದ ಆಕೆ ಹೀಬ್ರೂ, ಗ್ರೀಕ್ ಪೂರ್ತಿ ಕಲಿಯಲು ದೂರದ ಕಾಲೇಜಿಗೆ ಹೋದಳು. ನಾನು ತವರಿಗೆ ಬಂದಾಗ ಯಾಡಿ ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದಳು. ಯಾರ ದಾರಿ ಕಾಯುತ್ತಿದ್ದಾಳೆಂದು ನಾನು ಕೇಳಬೇಕಿರಲಿಲ್ಲ. ಒಂದು ದಿನ ತಡೆಯಲಾರದೆ, ಆ ಹಾಡನ್ನು ನನಗೇಕೆ ಕಲಿಸಲಿಲ್ಲ ಎಂದು ಕೇಳಿಬಿಟ್ಟೆ. ಯಾಡಿ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಅದು ಬಿಟ್ಟು ಹೋಗೋಳ ಹಾಡು ಬೇಟಿ. ನಿನಗೆ ಕಲಿಸಿದ್ರೆ ನಾನೇ ನಿನ್ನ ಕಳಿಸಾಕೆ ಕೂತಂಗೆ ಆಗ್ತಿತ್ತು. ಆಕಿ ಹೆಂಗೂ ಹೋಗೋಳೇ ಅಲ್ವಾ."

ನಾನು ಮೊರದ ಇನ್ನೊಂದು ಬದಿ ಹಿಡಿದು ಅಕ್ಕಿ ಆರಿಸತೊಡಗಿದೆ. ಆ ಮಾತು ಕೇಳಿ ಉರಿ ಆರಿತೇ ಎಂದರೆ ಇಲ್ಲ. ಆರಬೇಕಿತ್ತು...

ಎಂಬತ್ತರ ದಶಕದ ನಡುವೆ ಯಾಡಿ ತೀರಿಕೊಂಡಳು. ಭಾಷೆಯಕ್ಕನಿಗೆ ಆಗ ಪರೀಕ್ಷೆ. ಸುದ್ದಿ ಮುಟ್ಟಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಯಾಡಿ ಕೂರುತ್ತಿದ್ದ ಜಾಗದ ಎದುರಿಗೆ ಕೂತಳು. ಅಲ್ಲಿ ಕೂರಲಿಲ್ಲ, ಎದುರಿಗೆ ಕೂತಳು. ಆಮೇಲೆ ತಾನು ಹೀಬ್ರೂವಿನಿಂದ ಲಂಬಾಣಿಗೆ ತಂದ ಒಂದು ಭಾಗವನ್ನು ತಾಂಡಾದ ಹೆಂಗಸರಿಗೆ ಓದಿದಳು. ತನ್ನ ಮೇಲೆಯೇ ದಂಡೆತ್ತಿ ಬಂದ ಮಗ ಸತ್ತನೆಂದು ಕೇಳಿ ಮುದಿ ಅರಸನೊಬ್ಬ ಅಳುವ ಭಾಗ ಅದು. ಅರಸ ಅಳತೊಡಗಿದಾಗ ನಾನು ತಲೆಯೆತ್ತಿದೆ. ಅದು ಯಾಡಿಯ ಅಳು. ಅದೇ ಎಳೆತ, ಸಾಲಿನ ನಡುವೆ ಅದೇ ಕಟ್ಟಿದ ಉಸಿರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಎದ್ದು ಹೊರಗೆ ಹೋದೆ.

ಆಕೆ ನನ್ನ ಹಿಂದೆಯೇ ಬಂದಳು. "ಯಾಡಿ ಹೆಂಗೆ ಹೇಳ್ತಿದ್ರೋ ಹಂಗೇ ಬರ್ದೀನಿ. ತಪ್ಪಿದ್ರೆ ಹೇಳ್ರಿ ಟೀಚರ್, ತಿದ್ತೀನಿ" ಎಂದಳು.

ತಪ್ಪಿಲ್ಲ ಎಂದೆ. ಇರಲಿಲ್ಲ. ಒಂದಾದರೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಆಮೇಲೆಯೂ ಆಕೆ ಬರುತ್ತಿದ್ದಳು, ಹೋಗುತ್ತಿದ್ದಳು. ಬೈಬಲಿನ ಕೆಲಸ ದೊಡ್ಡದಾಗಿ ಹಲವರ ಕೈ ಸೇರಿತು. ನಾನು ಉಬ್ರಾಣಿಗೆ, ಚನ್ನಗಿರಿಗೆ ವರ್ಗವಾಗುತ್ತ ರಿಟೈರ್ ಆದೆ. ಹಬ್ಬಕ್ಕೊಮ್ಮೆ ಆಕೆಯ ಫೋನ್ ಬರುತ್ತಿತ್ತು. ಮಾತಿನ ನಡುವೆ ಯಾಡಿಯ ಸುದ್ದಿ ಬರದೆ ಇರುತ್ತಿರಲಿಲ್ಲ. ನನಗೆ ಗೊತ್ತಿಲ್ಲದ ಏನನ್ನಾದರೂ ಒಂದನ್ನು ಆಕೆ ಹೇಳಿಯೇ ಹೇಳುತ್ತಿದ್ದಳು. ಫೋನ್ ಇಟ್ಟ ಮೇಲೆ ನಾನು ಅರ್ಧ ದಿನ ಸಿಡಿಮಿಡಿ ಎನ್ನುತ್ತ ಓಡಾಡುತ್ತಿದ್ದೆ.

ಹೋದ ವರ್ಷ ಜಗಳೂರಿನಿಂದ ಆಕೆಯ ತಮ್ಮ ಫೋನ್ ಮಾಡಿ, ಅಕ್ಕ ಹೋಗಿಬಿಟ್ಟಳು ಎಂದ. ಮಣ್ಣಿಗೆ ಹೋಗಿ ಬಂದೆ. ಅಳು ಬರಲಿಲ್ಲ. ಮನೆಗೆ ಬಂದ ಮೇಲೆ, ಕೈಕಾಲು ತೊಳೆಯುವಾಗ ಬಂತು. ನನ್ನ ತಾಯಿಯನ್ನು ಯಾಡಿ ಎಂದು ಕರೆಯುವವಳು ನಾನೊಬ್ಬಳೇ ಆಗಿರಬೇಕೆಂದು ಆಗ ಎಷ್ಟು ಹಂಬಲಿಸಿದ್ದೆ! ಈಗ ನಾನೊಬ್ಬಳೇ.