ಇಂದುಮತಿ ನನಗೆ ಹೇಳಿದ್ದು

ನಮ್ಮ ಮನೆಯಲ್ಲಿ ಯಾರದಾದರೂ ಕೈಜಾರಿ ಲೋಟ ಒಡೆದರೆ, ಅದು ಬರೀ ಕೈಜಾರಿದ್ದೆಂದು ನಾನು ಸುಲಭಕ್ಕೆ ಒಪ್ಪುವವನಲ್ಲ. ಒಡೆದವರ ಸುಪ್ತಮನಸ್ಸಿನಲ್ಲಿ ಆ ಲೋಟದ ಮೇಲೆ, ಅಥವಾ ಅದರಲ್ಲಿ ಕಾಫಿ ಕುಡಿಯುವ ನನ್ನ ಮೇಲೆ, ಯಾವ ಸಿಟ್ಟಿತ್ತೆಂದು ಕೆದಕುತ್ತ ಕೂರುತ್ತೇನೆ. "ಮೊದಲು ಚೂರು ಗುಡಿಸಿ, ಕಾರಣ ಆಮೇಲೆ ಹುಡುಕೀರಂತೆ" ಎನ್ನುತ್ತಾಳೆ ಹೆಂಡತಿ. ಮೂವತ್ತು ವರ್ಷ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸಿದವನ ಚಟವಿದು. ಶಾಸ್ತ್ರ ತಲೆಗೆ ಎಷ್ಟು ಹತ್ತಿತೋ ಕಾಣೆ, ಪಿತ್ತವಂತೂ ನೆತ್ತಿಗೇರಿತ್ತು. ನೀವು ಇದನ್ನು ನಗುತ್ತ ಕ್ಷಮಿಸಬಹುದು, ಓದುಗರೇ; ಆದರೆ ಈ ಚಟ ನನ್ನಿಂದ ಮಾಡಿಸಿದ ಒಂದು ಕೆಲಸವನ್ನು ಹೇಳಿಕೊಳ್ಳಲು ಈಗಲೂ ತಲೆ ತಗ್ಗುತ್ತದೆ.

ಅತ್ತಿಗುಪ್ಪೆಯ ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ, ತಿಂಗಳಿಗೊಂದು ಭಾನುವಾರ, ಮನೋವಿಶ್ಲೇಷಣೆಯಲ್ಲಿ ಆಸಕ್ತಿಯುಳ್ಳ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಹಿರಿಯನೆಂಬ ಕಾರಣಕ್ಕೆ ಕೊನೆಯ ಮಾತು ನನ್ನದೇ. ಕಳೆದ ವರ್ಷ ಅಲ್ಲಿ ನಾನೊಂದು ಪ್ರಬಂಧ ಓದಿದೆ: ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಬಿಡದೆ ಕಾಡುವ ತಲೆನೋವು, ಬಾಲ್ಯದಲ್ಲಿ ನುಂಗಿಕೊಂಡ ದುಃಖದ ಪ್ರತಿರೂಪ ಎಂದು. ಕೇಳಿ ಎದ್ದು ನಿಂತವಳು ಇಂದುಮತಿ, ಒಂದು ಕಾಲದ ನನ್ನ ವಿದ್ಯಾರ್ಥಿನಿ, ಈಗ ಕಾಮಾಕ್ಷಿಪಾಳ್ಯದಲ್ಲಿ ಅದೇ ಹೆಣ್ಣುಮಕ್ಕಳಿಗೆ ಆಪ್ತಸಲಹೆ ನೀಡುವವಳು.

"ಸಾರ್, ಪದೇ ಪದೇ ಟಾಯ್ಲೆಟ್‌ಗೆ ಎದ್ದು ಹೋದ್ರೆ ಸೂಪರ್‌ವೈಸರ್ ಬೈತಾನೆ ಅಂತ ಅವರು ದಿನವಿಡೀ ನೀರೇ ಕುಡಿಯಲ್ಲ. ಬಾಲ್ಯ ಅಗೆಯೋಕ್ಕೆ ಮುಂಚೆ ಸ್ವಲ್ಪ ನೀರು ಕುಡಿಸಿ ನೋಡಬಾರದಾ?"

ಯಾರೋ ಕಿಸಕ್ಕೆಂದರು. ಉತ್ತರವಿಲ್ಲದ ಪಂಡಿತ ಪ್ರಶ್ನೆಯನ್ನು ಬಿಟ್ಟು ಪ್ರಶ್ನಿಸಿದವರ ಮೇಲೆ ಬೀಳುತ್ತಾನೆ.

"ನಿನ್ನ ಜಗಳ ನನ್ನ ಪ್ರಬಂಧದ ಜೊತೆ ಅಲ್ಲಮ್ಮ, ನಿಮ್ಮಪ್ಪನ ಜೊತೆ. ಅವರು ಸಾಯೋವಾಗ ನೋಡೋಕೂ ಹೋಗಲಿಲ್ಲ ನೀನು. ಆ ಸಿಟ್ಟನ್ನ ನನ್ನ ಮೇಲೆ ತೀರಿಸ್ಕೋತಾ ಇದೀಯ" ಎಂದೆ.

ಎಂಥ ಸೊಗಸಾದ ವಿಶ್ಲೇಷಣೆಯೆಂಬಂತೆ ಕೆಲವರು ನಕ್ಕು ತಲೆದೂಗಿದರು. ಆ ಸಂಗತಿಯನ್ನು ಅವಳು, ತಂದೆ ಹೋದ ವಾರ, ನಮ್ಮ ಮನೆಯ ವರಾಂಡದಲ್ಲಿ ಅಳುತ್ತ, ನನ್ನೊಬ್ಬನಲ್ಲಿ ಮಾತ್ರ ಹೇಳಿಕೊಂಡಿದ್ದಳು.

"ಅದು ನಾನು ನಿಮಗೆ ಹೇಳಿದ್ದು ಸಾರ್, ಇವರಿಗಲ್ಲ" ಎಂದು ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಮೂರು ವಾರ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ನಾಲ್ಕನೆಯ ವಾರ ಬಸ್ಸು ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಅವಳ ಪುಟ್ಟ ಕೋಣೆಯ ಹೊರಗೆ ನಾಲ್ಕು ಹೆಂಗಸರು ಕಾಯುತ್ತಿದ್ದರು. ನನ್ನ ಅಸೂಯೆ, ಅಹಂಕಾರ, ಮುಪ್ಪಿನ ಭಯ ಎಂದು ತಪ್ಪಿನ ಮೂಲವನ್ನು ಅಲ್ಲೂ ವಿಸ್ತಾರವಾಗಿ ವಿಶ್ಲೇಷಿಸತೊಡಗಿದಾಗ ಅವಳು ತಡೆದಳು.

"ಕಾರಣ ಬೇಡ ಸಾರ್. ತಪ್ಪಾಯ್ತಾ, ಇಲ್ವಾ?"

"ತಪ್ಪಾಯ್ತಮ್ಮ."

"ಅಷ್ಟು ಜನರ ಮುಂದೆ ಅಂದಿದ್ದನ್ನ ನನ್ನೊಬ್ಬಳ ಮುಂದೆ ವಾಪಸ್ ತಗೊಂಡ್ರೆ ಹೇಗೆ?" ಎಂದು, ಕ್ಷಮಿಸಿದೆನೆಂದಾಗಲಿ ಇಲ್ಲವೆಂದಾಗಲಿ ಹೇಳದೆ, ಕಾಯುತ್ತಿದ್ದವರಲ್ಲಿ ಮೊದಲಿನವಳನ್ನು ಒಳಗೆ ಕರೆದಳು.

ಮುಂದಿನ ಸಭೆಯಲ್ಲಿ ಎದ್ದುನಿಂತು ಹೇಳಿದೆ: ಇಂದುಮತಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ನನ್ನನ್ನು ನಂಬಿ ಹೇಳಿಕೊಂಡಿದ್ದನ್ನು ಅವಳ ಮೇಲೇ ಎಸೆದೆ, ತಪ್ಪು ನನ್ನದು. ಆಮೇಲೆ ಮೂಲೆಯಿಂದ ನನ್ನ ಹಳೆಯ ಶಿಷ್ಯನೊಬ್ಬ, ತಲೆಯನ್ನು ತುಸು ಓರೆಮಾಡಿ, ಥೇಟ್ ನನ್ನದೇ ಧಾಟಿಯಲ್ಲಿ, "ಇಷ್ಟೊಂದು ಪಶ್ಚಾತ್ತಾಪ ಯಾಕೆ ಸಾರ್? ನಿಮಗೂ ನಿಮ್ಮಪ್ಪನ ಜೊತೆ ಏನೋ ಜಗಳ ಉಳಿದಿರಬೇಕು" ಎಂದ.

ಎಲ್ಲರೂ ನಕ್ಕರು. ಹಾಗೆ ನಗುವುದನ್ನು ಅವರಿಗೆ ಕಲಿಸಿದವನು ನಾನೇ ಆದ್ದರಿಂದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ; ಇಂದುಮತಿಯ ಖಾಲಿ ಕುರ್ಚಿಯ ಪಕ್ಕ ಹೋಗಿ ಕೂತೆ.